ಎಂಟನೆಯ ಹಾಳೆ

"ಇದೇನು, ಬರದದ್ದೋ ಬಿಟ್ಟದ್ದೋ?"

ಶೋಭಾರಾಣಿ ಹಾಳೆಯನ್ನು ತಿರುವಿ ನೋಡಿದರು. ಹಿಂಬದಿ ಖಾಲಿ. ಮುಂಬದಿಯಲ್ಲಿ ಹೆಸರು, ಗುರುವಾರದ ತಾರೀಖು, ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: 'ಒಂದು ತಾಸು ಕುಳಿತಿದ್ದೆ.' ಬರೆದವಳು ಶಿವಲಕ್ಷ್ಮಿ. ಮೇಜಿನೆದುರು ನೆಲ ನೋಡುತ್ತ ನಿಂತಿದ್ದಳು.

ಆಲೂರಿನ ಆ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುವವರು ಶೋಭಾರಾಣಿ ಒಬ್ಬರೇ. ಹಾಗಾಗಿ ಫಿನ್ಲೆಂಡಿನ ಕಾಲೇಜೊಂದರ ಜೊತೆ ಆನ್‌ಲೈನಿನಲ್ಲಿ ನಡೆಸುವ ಸಂಸ್ಕೃತಿ ಸಂವಾದವೂ ಅವರ ಕೊರಳಿಗೇ ಬಿದ್ದಿತ್ತು. ಇಲ್ಲಿಯ ಎಂಟು ಮಂದಿ, ಅಲ್ಲಿಯ ಎಂಟು ಮಂದಿ, ವಾರಕ್ಕೊಂದು ತಾಸು ಮಾತು, ಗುರುವಾರ ಮಧ್ಯಾಹ್ನ ಒಂದರಿಂದ ಎರಡರವರೆಗೆ, ಕಂಪ್ಯೂಟರ್ ಕೋಣೆಯಲ್ಲಿ. ಮೊದಲ ಗುರುವಾರ ಕಳೆದಿತ್ತು. ಮೊದಲ ಅನಿಸಿಕೆಗಳು ಇವತ್ತು ಸಂಜೆಯೊಳಗೆ ಹೋಗಬೇಕು. ಸರಿಯಾಗಿ ಬರೆಯದವರ ಹೆಸರು ಪಟ್ಟಿಯಿಂದ ತೆಗೆಯುವುದು ಎರಡೂ ಕಡೆಯ ಕರಾರು.

ಆ ಗುರುವಾರ ಶೋಭಾರಾಣಿ ಆದೋನಿಯಲ್ಲಿದ್ದರು, ಮತದಾರರ ಪಟ್ಟಿಯ ತರಬೇತಿಗೆ. ಹೋಗುವ ಮುನ್ನ ಮಕ್ಕಳಿಗೆ ಹೇಳಿದ್ದು ಒಂದೇ ಮಾತು: "ಚಂದಾಗಿ ಬರೀರಿ, ರೆಕಾರ್ಡ್ ಬರದಂಗ." ಮಕ್ಕಳು ಅದರಲ್ಲಿ ಪಳಗಿದವರೇ. ಕಾಲೇಜಿನ ಲ್ಯಾಬಿಗೆ ಗ್ಯಾಸ್ ಬಾರದೆ ಮೂರು ವರ್ಷವಾಗಿತ್ತು; ಪ್ರಯೋಗದ ರೆಕಾರ್ಡುಗಳು ಮಾತ್ರ ವರ್ಷಾವರ್ಷ ತುಂಬುತ್ತಿದ್ದವು.

ಉಳಿದ ಏಳು ಹಾಳೆಗಳಿಗೆ ಏನು ಕಡಿಮೆ? ಹತ್ತಿ ವ್ಯಾಪಾರಿಯ ಮಗಳು ಅಶ್ವಿನಿ ಎರಡು ಪುಟ ತುಂಬಿಸಿದ್ದಳು. ಆ ಕಡೆಯ ಕಿಟಕಿಯಾಚೆ ಹಿಮ ಬೀಳುತ್ತಿತ್ತಂತೆ, ಅವರ ನಗು ನೋಡಿ ದೂರವೇ ಮರೆತುಹೋಯಿತಂತೆ. ವಾಗೀಶನಿಗೂ ಹಿಮ ಕಂಡಿತ್ತು. ಬಾಲರಾಜ್ ಆ ಕಡೆಯವರಿಗೆ ಜೋಳದ ರೊಟ್ಟಿ ಬಡಿಯುವುದನ್ನು ಹೇಳಿಕೊಟ್ಟನಂತೆ. ಓದಿ ಶೋಭಾರಾಣಿಯ ಹೊಟ್ಟೆ ತಣ್ಣಗಾಗಿತ್ತು. ಎಂಟನೆಯದಕ್ಕೆ ಬಂದಾಗ ತಲೆ ಬಿಸಿಯಾಯಿತು.

"ಗುರುವಾರ ಬಂದಿದ್ದೇನು ನೀನು?"

"ಬಂದಿದ್ನ್ರಿ ಮೇಡಂ. ಕೊನೀತನಕ ಇದ್ನ್ರಿ."

"ಮತ್ತ ಬರ್ಯಾಕೇನು ಧಾಡಿ?"

"ಆದದ್ದು ಬರದೀನ್ರಿ."

ಇಂಗ್ಲಿಷ್ ತಡವರಿಸಿರಬೇಕು, ಉಳಿದವರು ನಕ್ಕಿರಬೇಕು ಎಂದುಕೊಂಡರು ಶೋಭಾರಾಣಿ. ದನಿ ಸ್ವಲ್ಪ ಇಳಿಸಿದರು. "ಯಾರಾದ್ರೂ ಏನಾದ್ರೂ ಅಂದ್ರೇನವ್ವ?"

"ಯಾರೂ ಏನೂ ಅನ್ಲಿಲ್ರಿ."

"ಆ ಕಡೆಯವ್ರು ಹೆಂಗಿದ್ರು, ಅದನ್ನರ ಹೇಳು. ನಾನ ಬರಕೊಳ್ತೀನಿ."

ಹುಡುಗಿ ಬಾಗಿಲ ಕಡೆ ನೋಡಿದಳು. ಅಲ್ಲಿ ಅಶ್ವಿನಿ ದುಪಟ್ಟಾದ ತುದಿ ಸುತ್ತುತ್ತ ನಿಂತಿದ್ದಳು. "ಅಶ್ವಿನಿ ಬರದಾಳಲ್ರಿ," ಎಂದಳು ಶಿವಲಕ್ಷ್ಮಿ. "ಚಂದ ಐತಿ."

ಶೋಭಾರಾಣಿಗೆ ಸಿಟ್ಟಿಗಿಂತ ಸಂಕಟವಾಯಿತು. ಈ ಹುಡುಗಿಗೆ ಪಟ್ಟಿಯ ಹೆಸರೆಂದರೆ ಬರೀ ಹೆಸರಲ್ಲ. ತಿಂಗಳ ಹಿಂದೆ ಅವಳ ಅಪ್ಪ ಕೆಂಚಣ್ಣ ಹೊಳಗುಂದದಿಂದ ಬಂದು ಇದೇ ಮೇಜಿನೆದುರು ನಿಂತು ಹೇಳಿದ್ದ: "ಫಾರಿನ್ ಮಂದಿ ಕೂಡ ಮಾತಾಡ್ತಾಳಂದ್ರ ಓದ್ಲಿ ಬಿಡ್ರಿ. ಇಲ್ಲಾಂದ್ರ ಹತ್ತಿ ಬಿಡ್ಸಾಕ ಆಳು ಸಿಗವಲ್ರು." ಹೆಸರು ಹೋದರೆ ಕಾಲೇಜೂ ಹೋಗುತ್ತದೆ. ಅದು ಶೋಭಾರಾಣಿಗೂ ಗೊತ್ತು, ಶಿವಲಕ್ಷ್ಮಿಗೂ ಗೊತ್ತು. ಗೊತ್ತಿದ್ದೂ ನಾಲ್ಕು ಸಾಲು ಬರೆಯಳು.

ಕೊನೆಗೆ, ಆ ಕೋಣೆಯ ಬೀಗದ ಕೈ ಇಟ್ಟುಕೊಳ್ಳುವ ಆಯಾ ಮೂಕಮ್ಮನನ್ನು ಕರೆದು ಕೇಳಿದರು.

"ಒಂದಕ್ಕ ಬೀಗ ತಗದೆ, ಎರಡಕ್ಕ ಹಾಕಿದೆ," ಎಂದಳು ಮೂಕಮ್ಮ. "ಈ ಹುಡುಗಿ ಒಬ್ಬಾಕಿನ ಕುಂತಿದ್ಲ್ರಿ, ಪಾಪ."

ಎಲ್ಲರೂ ಬೆರೆತಾಗ ಮೂಲೆ ಹಿಡಿದು ಕೂತವಳು ಇನ್ನೇನು ಬರೆದಾಳು! ಪ್ರಿನ್ಸಿಪಾಲ್ ಹಾಲಸ್ವಾಮಿಯವರು ಹಾಳೆ ನೋಡಿ, "ಊರಿಗೊಂದು ದಾರಿಯಾದ್ರ ಪೋರನಿಗೊಂದು ದಾರಿ. ತಗೀರಿ ಮೇಡಂ, ಸರದಿಯೊಳಗ ಮತ್ತೊಬ್ರು ಕಾಯಾಕತ್ಯಾರ," ಎಂದು ಎದ್ದುಹೋದರು.

ಶೋಭಾರಾಣಿಗೆ ಸಾಕಾಗಿತ್ತು. ಕಾಲು ಬಾತಿದ್ದವು. ತಿದ್ದಬೇಕಾದ ಉತ್ತರಪತ್ರಿಕೆಗಳ ಎರಡು ಕಟ್ಟು ಬಗಲಲ್ಲೇ ಕೂತಿದ್ದವು. ಹೆಸರಿನ ಮೇಲೆ ಗೆರೆ ಎಳೆದರು. ಶಿವಲಕ್ಷ್ಮಿ ಆ ಗೆರೆಯನ್ನು ನೋಡಿ, "ಬರ್ತೀನ್ರಿ ಮೇಡಂ," ಎಂದು ಚೀಲ ಹೆಗಲಿಗೇರಿಸಿದಳು. ಅತ್ತಿದ್ದರೆ ಇವರಿಗೆ ಹಗುರಾಗುತ್ತಿತ್ತು. ಅವಳು ಅಳಲಿಲ್ಲ.

ಏಳು ಅನಿಸಿಕೆಗಳು ಫಿನ್ಲೆಂಡಿಗೆ ಹೋದವು. ಹೊಳಗುಂದದ ಬಸ್ಸೂ ಹೋಯಿತು. ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅಲ್ಲಿಯ ಮೇಡಂ ಉತ್ತರ ಬರೆದಿದ್ದರು.

'ನಿಮ್ಮ ಮಕ್ಕಳ ಮಾತು ಓದಿ ಕಣ್ಣು ತುಂಬಿತು. ಹಿಮದ ಮಾತಿಗೆ ನಗುವೂ ಬಂತು, ಇಲ್ಲಿ ಈ ವರ್ಷ ಇನ್ನೂ ಬರೀ ಮಳೆ. ಇನ್ನೊಂದು ವಿಷಯ. ಆ ಗುರುವಾರಕ್ಕೆ ಮುಂಚಿನ ಭಾನುವಾರ, ಚಳಿಗಾಲವೆಂದು ನಮ್ಮ ಗಡಿಯಾರಗಳನ್ನು ಒಂದು ತಾಸು ಹಿಂದಕ್ಕೆ ತಿರುಗಿಸಿದ್ದೆವು. ನಿಮಗೆ ತಿಳಿಸುವುದೇ ಮರೆತೆ. ನಿಮ್ಮವರು ತಾವೇ ಲೆಕ್ಕ ಹಾಕಿ ಒಂದು ತಾಸು ತಡವಾಗಿ ಕೂತಿರಬೇಕು, ಜಾಣರು. ನಮ್ಮವರ ಎಂಟು ಹಾಳೆ ಕಳಿಸಿದ್ದೇನೆ. ಏಳು ಬಹಳ ಚೆನ್ನಾಗಿವೆ. ಒಬ್ಬಳು ಮಾತ್ರ ಸಹಕರಿಸಲಿಲ್ಲ, ಹೆಸರು ತೆಗೆದಿದ್ದೇವೆ. ಕ್ಷಮಿಸಿ.'

ಶೋಭಾರಾಣಿ ಗಡಿಯಾರದ ಸಾಲನ್ನು ಮತ್ತೊಮ್ಮೆ ಓದಿದರು. ಒಂದಕ್ಕೆ ಬೀಗ ತೆಗೆದು ಎರಡಕ್ಕೆ ಹಾಕಿದೆ ಎಂದಿದ್ದಳಲ್ಲ ಮೂಕಮ್ಮ. ಆ ಕಡೆಯವರು ಕೂತದ್ದೇ ಇಲ್ಲಿಯ ಎರಡಕ್ಕೆ.

ಅಲ್ಲಿಯ ಮೊದಲ ಹಾಳೆ ತೆರೆದರು. ಆಲೂರಿನ ಗೆಳೆಯರ ಬೆನ್ನ ಹಿಂದೆ, ಕಿಟಕಿಯಲ್ಲಿ, ಆನೆಯೊಂದು ನಡೆದುಹೋಯಿತಂತೆ. ಎರಡನೆಯದರಲ್ಲಿ ಅದೇ ಕಿಟಕಿಯಲ್ಲಿ ನದಿ ಹರಿಯುತ್ತಿತ್ತು.

ಕಂಪ್ಯೂಟರ್ ಕೋಣೆಗೆ ಕಿಟಕಿಯೇ ಇಲ್ಲ.

ಉಳಿದವನ್ನು ಓದದೆ ದಾಟಿಸಿ ಕೊನೆಯದಕ್ಕೆ ಬಂದರು. ಎಂಟನೆಯ ಹಾಳೆ ಹೇಲ್ಮಿ ಎಂಬ ಹುಡುಗಿಯದು. ಹೆಸರು, ಗುರುವಾರದ ತಾರೀಖು, ಕೆಳಗೆ ಒಂದೇ ಸಾಲು.

'ಒಂದು ತಾಸು ಕುಳಿತಿದ್ದೆ.'