ಮೀನಂಗಡಿ ಪಕ್ಕದ ಮನೆ

ಭಾನುವಾರ ಕರಿಯುವ ಸಿಹಿತಿಂಡಿ ಕೂಸಿಸ್ಟರ್ ಹಂಚಲು ಬಂದ ಫಾಲ್ದಿಯೆಲಾ ನೆರೆಮನೆಯ ಗ್ಯಾರೇಜಿನ ಬಾಗಿಲಲ್ಲೇ ನಿಂತುಬಿಟ್ಟಳು. ಬಿಳಿಯರ ಸರ್ಕಾರ ಐವತ್ತು ವರ್ಷಗಳ ಹಿಂದೆ ಜನರನ್ನು ಒಕ್ಕಲೆಬ್ಬಿಸಿ ನೆಲಸಮ ಮಾಡಿದ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯ ತಮ್ಮ ಹಳೆಯ ಬೀದಿಯನ್ನು ಆ ಮನೆಯ ಹುಡುಗ ಇಗ್ಶಾನ್, ತನ್ನ ಅಜ್ಜಿ ಹೇಳಿದಂತೆಯೇ, ಮನೆಮನೆಯಾಗಿ ಆಫ್ರಿಕಾನ್ಸ್ ಭಾಷೆಯ ಬ್ಲೂಸ್‌ನಲ್ಲಿ ಹಾಡುತ್ತಿದ್ದ. ಕ್ಷೌರದಂಗಡಿ ಬಂತು, ದರ್ಜಿಯ ಮನೆ ಬಂತು, ಮೀನಂಗಡಿ ಬಂತು. ಮುಂದಿನದು ಫಾಲ್ದಿಯೆಲಾಳ ಮನೆ. ಹಾಡು ನಿಂತಿತು, ಗಿಟಾರ್ ಒಂದೇ ಸಮನೆ ಗೋಳಿಟ್ಟಿತು. ಆಮೇಲೆ ಮಸೀದಿ ಬಂತು.

"ನಮ್ಮನೇನೇ ನುಂಗ್ಬಿಟ್ಯಲ್ಲೋ ಕಳ್ಳ! ಮೀನಂಗಡಿ ಪಕ್ಕ ಇದ್ದಿದ್ದು ನಾವು."

"ಅಜ್ಜಿ ಮದ್ವೆಯಾಗಿ ಆ ಬೀದಿಗೆ ಬರೋ ಹೊತ್ಗೆ ಅಲ್ಲಿ ಬರೀ ಬಯಲು, ಆಂಟಿ. ಬುಲ್ಡೋಜರ್ ಮೊದ್ಲು ಕೆಡವಿದ್ದೇ ನಿಮ್ಮನೇನಂತೆ. ಬಯಲನ್ನ ಏನಂತ ಹಾಡ್ಲಿ? ಅದಕ್ಕೇ ಗಿಟಾರ್ ಒಂದನ್ನೇ ಬಿಟ್ಟೆ. ಬೇಕಾದ್ರೆ ಈಗ ನಿಮ್ಮನೆ ಸೇರಿಸ್ತೀನಿ."

ಫಾಲ್ದಿಯೆಲಾ ತಟ್ಟೆಯನ್ನು ಕೆಳಗಿಟ್ಟು, ಬೋರಲು ಹಾಕಿದ್ದ ಹಾಲಿನ ಕ್ರೇಟಿನ ಮೇಲೆ ಕುಳಿತು ಕಣ್ಣು ಮುಚ್ಚಿದಳು.

"ಬೇಡಪ್ಪ. ಆ ಗಿಟಾರಷ್ಟನ್ನೇ ಇನ್ನೊಂದ್ಸಲ ಬಾರ್ಸು. ಆ ಮನೆ ಒಳಗ್ಹೋಗಿ ಬರ್ತೀನಿ."