ಪಾಳಿ ಬದಲಾದ ದಿನ

ಹಸಿರು ಪರದೆ ಸರಿಸಿ ಅನ್ನದಂಗಡಿಯೊಳಗೆ ಕಾಲಿಟ್ಟ ವಾರ್ಸಿತೊ ಅಲ್ಲೇ ನಿಂತುಬಿಟ್ಟ. ಪಲ್ಯಗಳ ಗಾಜಿನ ಕಪಾಟಿನ ಹಿಂದೆ ಅವಳಿರಲಿಲ್ಲ. ಅವಳ ಜಾಗದಲ್ಲಿ, ಅವಳದೇ ಸೌಟು ಹಿಡಿದು, ಯಾರೋ ದಪ್ಪನೆಯ ಹೆಂಗಸು ನಿಂತಿದ್ದಳು. ಮಿಕ್ಕಿದ್ದೆಲ್ಲ ಶನಿವಾರ ಬಿಟ್ಟುಹೋದ ಹಾಗೆಯೇ ಇತ್ತು: ಉದ್ದನೆಯ ಬೆಂಚು, ಗಾಜಿಗೆ ಹಿಡಿದ ಆವಿ, ಪರದೆಯಿಂದ ಸೋಸಿ ಬರುವ ಹಸಿರು ಬೆಳಕು. ಗಲ್ಲಿ ತಪ್ಪಿ ಬಂದೆನೇ ಎಂದು ಹೊರಗೆ ಇಣುಕಿ ನೋಡಿದ. ಗಲ್ಲಿ ಅದೇ.

ಈ ಅಂಗಡಿ ಅವನಿಗೆ ಸಿಕ್ಕಿದ್ದೂ ಹೀಗೇ, ಕನಸಿನ ಹಾಗೆ. ಜಕಾರ್ತದ ಒಂದು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಕನ್ನಡಕ ಮಾಡುವುದು ಅವನ ಕೆಲಸ. ನಲವತ್ತು ದಾಟಿದ ಒಂಟಿ ಜೀವ. ಅವನ ಮಾತು ಬಾಯಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗಿರುತ್ತಾರೆ, ಅಂಥ ಪ್ರಾಣಿ. ಬುತ್ತಿ ಕಟ್ಟಿಕೊಂಡು ಬಂದು ಆ ಕೋಣೆಯಲ್ಲೇ ಉಣ್ಣುತ್ತಿದ್ದವನು ಎರಡು ತಿಂಗಳ ಹಿಂದೆ ಒಂದು ದಿನ ಬುತ್ತಿ ಮರೆತಿದ್ದ. ದೊಡ್ಡ ರಸ್ತೆಯನ್ನು ಅಗೆದು ಹಾಕಿದ್ದರು. ಗಲ್ಲಿ ಹಿಡಿದ. ಒಂದು ತಿರುವು, ಇನ್ನೊಂದು ತಿರುವು, ವಾಹನಗಳ ಗದ್ದಲ ಎಲ್ಲೋ ಹಿಂದೆ ಉಳಿಯಿತು. ಒಣಹಾಕಿದ ಬಟ್ಟೆಗಳ ಕೆಳಗೆ ತಲೆ ಬಗ್ಗಿಸಿ ನಡೆದರೆ ಬೆಳ್ಳುಳ್ಳಿ ಹುರಿದ ಘಮ, ಹಸಿರು ಪರದೆ, ಒಳಗೆ ಅವಳು. "ಕೂತ್ಕೊಳ್ಳಿ" ಎಂದಷ್ಟೇ ಅಂದಳು. ಅಂದಿನಿಂದ ಹೊತ್ತಾಯಿತೆಂದರೆ ಕಾಲು ತಾನಾಗಿ ಇತ್ತ ತಿರುಗುತ್ತಿತ್ತು. ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು. ಗಂಡ ಇಲ್ಲದವಳು ಎನ್ನುವುದು ಪಕ್ಕದವರ ಹರಟೆಯಿಂದ ಗೊತ್ತಾಗಿತ್ತು. ಹೆಸರೇನು ಎಂದು ಕೇಳಿರಲಿಲ್ಲ, ಪುಣ್ಯಾತ್ಮ.

ಆದರೆ ಅವಳು ಅಕ್ಕಿ ಆರಿಸುವಾಗ ಮೊರವನ್ನು ತೋಳುದ್ದ ದೂರ ಹಿಡಿಯುವುದನ್ನು ಕಂಡಿದ್ದ. ಕಣ್ಣು ಪರೀಕ್ಷೆ ಮಾಡುತ್ತೇನೆ ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಆ ದೂರವನ್ನೇ ಅಂದಾಜು ಮಾಡಿಕೊಂಡು, ರಜೆಯ ದಿನಗಳಲ್ಲಿ ಕೂತು, ಒಂದು ಕನ್ನಡಕ ಮಾಡಿದ್ದ. ಇವತ್ತು ಅದು ಜೇಬಿನಲ್ಲಿತ್ತು. ಅದನ್ನು ಕೊಟ್ಟು, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿಯೇ ಬಿಡಬೇಕು, ಇವತ್ತು ಆಗದಿದ್ದರೆ ಈ ಜನ್ಮದಲ್ಲಿ ಆಗದು ಎಂದು ಗಟ್ಟಿ ಮನಸ್ಸು ಮಾಡಿ ಬಂದಿದ್ದ.

"ಬನ್ನಿ ಅಣ್ಣ, ಯಾಕೆ ಬಾಗಿಲಲ್ಲೇ ನಿಂತ್ರಿ?" ಎಂದಳು ಹೊಸಬಳು. ಗಲ್ಲಿಯ ಆ ತುದಿಗೂ ಕೇಳುವ ಗಂಟಲು.

"ಅವರು... ಇಲ್ಲಿದ್ರಲ್ಲ?"

"ತುರಿನಾನಾ? ನಿನ್ನೆ ಬಸ್ಸಿಗೆ ಊರಿಗೆ ಹೋದ್ಲು."

ಅವನ ಕೈ ಜೇಬಿನ ಮೇಲೆ ಹೋಯಿತು. "ಮತ್ತೆ ಬರಲ್ವಾ?"

ಬೆಂಚಿನ ಮೇಲಿದ್ದ, ಬಾಡಿಗೆ ಬೈಕು ಓಡಿಸುವ ಮಾಮತ್ ಹಪ್ಪಳ ಮುರಿಯುತ್ತ ನಕ್ಕ. "ಎಲ್ಲಿದ್ರಿ ಸ್ವಾಮಿ ಇಷ್ಟು ದಿನ? ತೆಗಾಲ್ ಕಡೆಯೋರ ಅಂಗಡಿ ಎಲ್ಲಾ ಹಿಂಗೇ. ಎರಡು ಮನೆಗೆ ಒಂದು ಅಂಗಡಿ. ನಾಲ್ಕು ತಿಂಗಳು ಇವರು ಇಲ್ಲಿ ಬೇಯಿಸ್ತಾರೆ, ಅವರು ಊರಲ್ಲಿ ಗದ್ದೆ ನೋಡ್ಕೋತಾರೆ. ಆಮೇಲೆ ಅವರು ಇಲ್ಲಿಗೆ, ಇವರು ಅಲ್ಲಿಗೆ. ಇಡೀ ಜಕಾರ್ತಕ್ಕೆ ಗೊತ್ತಿರೋದು ನಿಮಗೊಬ್ರಿಗೆ ಗೊತ್ತಿಲ್ಲ ನೋಡಿ."

ವಾರ್ಸಿತೊ ಆ ಹೆಸರನ್ನು ಮನಸ್ಸಿನಲ್ಲೇ ಅಂದುಕೊಂಡ. ತುರಿನಾ. ಹೆಸರು ತಿಳಿದದ್ದು ಇವತ್ತು, ಅವಳು ಹೋದ ಮೇಲೆ. ದಿನವಿಡೀ ಜನ ಬಂದು ಹೋಗುವ ಈ ಬೆಂಚಿನಲ್ಲಿ ಅವಳು ತನ್ನನ್ನು ನೋಡಿಯಾದರೂ ಇದ್ದಳೇ? ಹೊರಟುಬಿಡೋಣ ಅನ್ನಿಸಿತು. ಕಾಲು ಮಾತ್ರ ಎಂದಿನಂತೆ ಬೆಂಚಿನ ತುದಿಗೆ ಒಯ್ದು ಕೂರಿಸಿತು. ಆವಿಯ ಆಚೆ ಸೌಟು ಆಡುತ್ತಿತ್ತು. ಅರೆಗಣ್ಣು ಮಾಡಿದರೆ ಅವಳೇ ನಿಂತ ಹಾಗೆ. ಹಾಗೇ ಅರೆಗಣ್ಣಲ್ಲಿ ಸ್ವಲ್ಪ ಹೊತ್ತು ಕೂತ.

ಕಣ್ಣು ಬಿಟ್ಟಾಗ ಮುಂದೆ ತಟ್ಟೆ ಬಂದಿತ್ತು. ಸ್ವಲ್ಪವೇ ಅನ್ನ, ಸಿಹಿಯಾಗಿ ಹುರಿದ ಸೋಯಾಕಾಳಿನ ತೆಂಪೆ, ತೆಂಗಿನ ಹಾಲಿನ ಸಾರು ಬೇರೆ ಬಟ್ಟಲಲ್ಲಿ, ಖಾರದ ಚಟ್ನಿ ಅನ್ನಕ್ಕೆ ತಾಗದಂತೆ ಅಂಚಿನಲ್ಲಿ. ಪಕ್ಕದಲ್ಲಿ ಸಕ್ಕರೆಯಿಲ್ಲದ ಚಹಾ. ಅವನು ಉಣ್ಣುವುದು ಹೀಗೆಯೇ. ಆದರೆ ಇವತ್ತು ಅವನು ಯಾವುದಕ್ಕೂ ಬೆರಳು ತೋರಿಸಿರಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು ಇದು?"

"ಗೊತ್ತಾಗದೆ ಏನು? ಅಂಗಡಿ ಒಪ್ಪಿಸುವಾಗ ತುರಿನಾದು ಪೂರ್ತಿ ಇದೇ ಪುರಾಣ. ಕಸ್ಮಿನಿ, ಒಬ್ರು ತುದೀಲಿ ಕೂರ್ತಾರೆ, ಬಾಯಿಬಿಟ್ಟು ಏನೂ ಕೇಳಲ್ಲ, ನೀನೇ ನೋಡಿ ಬಡಿಸು, ಚಟ್ನಿ ಅನ್ನಕ್ಕೆ ತಾಗಿಸ್ಬೇಡ ಅಂತ. ನಾನು ನನ್ನ ಮಗೂನ ಅತ್ತೆ ಹತ್ರ ಬಿಟ್ಟು ಬರುವಾಗ್ಲೂ ಇಷ್ಟು ಹೇಳಿಲ್ಲ."

"ನನ್ನ ಬಗ್ಗೆ ಏನಂದ್ಲು?" ಎಂದ ಮಾಮತ್.

"ನಿಮಗೆ ದೊಡ್ಡ ಕೋಳಿ ತುಂಡು ಹಾಕ್ಬೇಡ ಅಂದ್ಲು."

ವಾರ್ಸಿತೊ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ. "ಊರಿಗೆ ಹೋಗೋದು ನನಗೆ ಹೇಳ್ಲೇ ಇಲ್ಲ ಅವರು."

"ಹೇಳಿ ಹೋಗೇ ಅಂದೆ. ಅವರೇನು ಒಂದಿನ ನನ್ನ ಹೆಸರು ಕೇಳಿದಾರಾ ಅಂದ್ಲು."

ಅವನು ತಲೆ ತಗ್ಗಿಸಿದ. ಮೆಲ್ಲಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಯಾರಿಗೆಂದು ಹೇಳಿದ. ಕಸ್ಮಿನಿ ಕೈಯೊರೆಸಿಕೊಂಡಳು. "ಕೊಡಿ, ಊರಿನ ಬಸ್ಸಿಗೆ ಹಾಕಿ ಕಳಿಸ್ತೀನಿ. ನಾಳೆನೇ ಅವಳ ಕೈ ಸೇರುತ್ತೆ."

"ಬೇಡ," ಎಂದು ಅವನು ಅದನ್ನು ಮತ್ತೆ ಜೇಬಿಗಿಟ್ಟ. "ಬರಲಿ. ನಾನೇ ಕೊಡ್ತೀನಿ." ಆ ಅಂಗಡಿಯಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಕಸ್ಮಿನಿ ಸೌಟು ಕೆಳಗಿಟ್ಟಳು. ಮೊದಲ ಸಲ ಅವಳ ದನಿ ತಗ್ಗಿತು.

"ಹಾಗಾದ್ರೆ ಇದನ್ನೂ ಕೇಳಿಬಿಡಿ. ಪಾತ್ರೆ, ಒಲೆ, ಗಿರಾಕಿಗಳು, ಎಲ್ಲಾ ನಿನಗೆ ಒಪ್ಪಿಸಿದೀನಿ ಅಂದ್ಲು ಅವಳು. ಆ ತುದೀಲಿ ಕೂರೋರನ್ನ ಮಾತ್ರ ಕಡ ಕೊಟ್ಟು ಹೋಗ್ತಿದೀನಿ ಕಸ್ಮಿನಿ, ಬಂದಾಗ ನನಗೆ ವಾಪಸ್ ಬೇಕು ಅಂದ್ಲು."