ಹಸಿರಾದ ಮುಖ

ಪುಷ್ಯದ ಚಳಿ, ಸೊಗಡವರೆಯ ಕಾಲ. ನಿಂಗಜ್ಜಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರೂ ಕಣ್ಣು ನಡುಮನೆಯಲ್ಲೇ ಇತ್ತು. ಟಿವಿ ರಿಪೇರಿಯ ಹುಡುಗ ಈ ತಿಂಗಳಲ್ಲಿ ಮೂರನೇ ಸಲ ಬಂದಿದ್ದ. ಮೊಮ್ಮಗಳಿಗೆ ಇವನೇ ಸರಿ ಎಂದು ಅಜ್ಜಿ ಗಟ್ಟಿಮಾಡಿಕೊಂಡಿದ್ದಳು. ಮಾದೇವಿ ಮಾತ್ರ ತಲೆಯೆತ್ತದೆ, ಹೊಲಿಗೆ ಯಂತ್ರದಡಿ ಬಿದ್ದ ಸೂಜಿಗಳನ್ನು ಪುಟ್ಟ ಆಯಸ್ಕಾಂತದಿಂದ ಹೆಕ್ಕುತ್ತಿದ್ದಳು.

ಹುಡುಗ ಟಿವಿಯ ಮೇಲಿನ ಕಸೂತಿ ಬಟ್ಟೆ ಎತ್ತಿದ. ಹಳೇ ಸ್ಪೀಕರಿನ ಆಯಸ್ಕಾಂತ ಅಲ್ಲಿತ್ತು. ಹೋದೆರಡು ಸಲ ಅವನು ಬರುವ ಮೊದಲೇ ಅದನ್ನು ತೆಗೆದಿಟ್ಟಿದ್ದ ಅಜ್ಜಿ, ಇವತ್ತು ಅವರೆಕಾಯಿಯ ಗಡಿಬಿಡಿಯಲ್ಲಿ ಮರೆತಿದ್ದಳು.

"ಇದೇ ಕಣಜ್ಜಿ ಕಾರಣ. ಟ್ಯೂಬಿನ ಹಿಂದಿಂದ ಎಲೆಕ್ಟ್ರಾನ್ ಅನ್ನೋ ಸಣ್ಣ ಕಣಗಳು ನೆಟ್ಟಗೆ ಬಂದು ಗಾಜಿಗೆ ಬಡೀತವೆ. ಹತ್ರ ಆಯಸ್ಕಾಂತ ಇದ್ರೆ ದಾರಿ ಬಿಟ್ಟು ವಾಲ್ಕತವೆ. ಅದಕ್ಕೇ ಟಿವೀಲಿ ಬರೋರ ಮುಖವೆಲ್ಲ ಹಸಿರು."

"ಮುಟ್ಟದೇನೇ ವಾಲಿಸ್ತದಾ?"

"ಮುಟ್ಟೋದೇ ಬ್ಯಾಡ," ಎಂದವನ ಕಣ್ಣು ಒಮ್ಮೆ ಹೊಲಿಗೆ ಯಂತ್ರದತ್ತ ವಾಲಿತು. "ಯಾರಿಟ್ರು ಇದನ್ನ?"

"ಇಲಿ ಎಳ್ಕಬಂದಿರ್ಬೇಕು ಕಣಪ್ಪ."

ಹುಡುಗ ನಗುತ್ತ ಅದನ್ನು ಚೀಲಕ್ಕೆ ಹಾಕಿಕೊಂಡ. ಟಿವಿ ಹಾಕಿ ತೋರಿಸಿದ, ಬಣ್ಣ ಸರಿಹೋಗಿತ್ತು. ದುಡ್ಡು ಕೊಡಹೋದರೆ, "ಇರ್ಲಿ ಬುಡಜ್ಜಿ, ಇನ್ನೊಂದ್ಸಲ ಕೆಟ್ಟಾಗ ಒಟ್ಟಿಗೇ ಇಸ್ಕತೀನಿ" ಎಂದು ಸೈಕಲ್ ಹತ್ತಿದ.

ಇನ್ನು ಕೆಡಿಸುವುದಕ್ಕೆ ಆಯಸ್ಕಾಂತವೇ ಇಲ್ಲ, ಅವನು ಬರುವುದಕ್ಕೆ ನೆಪವೂ ಇಲ್ಲ ಎಂದು ಅಜ್ಜಿ ಪೆಚ್ಚಾದಳು.

ಸಂಜೆ ಟಿವಿ ಹಾಕಿದರೆ, ವಾರ್ತೆ ಓದುವವಳ ಮುಖ ಮತ್ತೆ ಹಸಿರಾಗಿತ್ತು. ಅಜ್ಜಿ ಮೆಲ್ಲಗೆ ಬಟ್ಟೆಯಡಿ ಕೈಯಾಡಿಸಿದಳು. ಪುಟ್ಟ ಆಯಸ್ಕಾಂತವೊಂದು ಸಿಕ್ಕಿತು, ಎರಡು ಸೂಜಿ ಇನ್ನೂ ಅದಕ್ಕೆ ಕಚ್ಚಿಕೊಂಡಿದ್ದವು.